ಆರೋಗ್ಯ ಕರ್ನಾಟಕದ ರೆಫರಲ್: ಮೊದಲು ಯಾವ ದವಾಖಾನೆಗೆ ಹೋಗಬೇಕು, ಕೈಯಲ್ಲಿ ಏನಿರಬೇಕು

"ಆಯುಷ್ಮಾನ್ ಕಾರ್ಡ್ ಐತಿ, ಆದ್ರೂ ದವಾಖಾನ್ಯಾಗ ರೊಕ್ಕ ಯಾಕ ಕೇಳಾಕತ್ತಾರ?" ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಬಹಳಷ್ಟು ಸಲ ಕಾರ್ಡಿನಲ್ಲಿ ದೋಷ ಇರುವುದಿಲ್ಲ, ಹೋದ ದಾರಿಯಲ್ಲಿ ಇರುತ್ತದೆ. ಸರಕಾರಿ ಆಸ್ಪತ್ರೆಗೆ ಕಾಲಿಡದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾದವರಿಗೆ, ತುರ್ತು ಪ್ರಕರಣ ಅಲ್ಲದಿದ್ದರೆ, ಈ ಕಾರ್ಡಿನ ಹಿಂದಿರುವ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯ ದುಡ್ಡು ಸಿಗುವುದಿಲ್ಲ. ಇದು ಗೊತ್ತಿಲ್ಲದೆ ಹೊಲ ಒತ್ತೆ ಇಟ್ಟು ಬಿಲ್ಲು ಕಟ್ಟಿದ ಕುಟುಂಬಗಳು ನಮ್ಮ ಭಾಗದಲ್ಲಿ ಕಡಿಮೆಯಿಲ್ಲ. ಆದ್ದರಿಂದ ಮೊದಲಿನಿಂದ ಕೊನೆಯವರೆಗೆ ಏನು ಮಾಡಬೇಕೆಂದು ಕ್ರಮವಾಗಿ ಬರೆದಿದ್ದೇವೆ.

ತುರ್ತು ಇದ್ದರೆ ಮೊದಲು ಇದನ್ನಷ್ಟೇ ಓದಿ

ಎದೆನೋವು, ಅಪಘಾತದಲ್ಲಿ ತಲೆಗೆ ಪೆಟ್ಟು, ದೊಡ್ಡ ಸುಟ್ಟಗಾಯ ಇಂಥವಕ್ಕೆ ರೆಫರಲ್, ಅಂದರೆ ಬೇರೆ ಆಸ್ಪತ್ರೆಗೆ ಹೋಗಲು ಸರಕಾರಿ ಆಸ್ಪತ್ರೆ ಕೊಡುವ ಒಪ್ಪಿಗೆ, ಬೇಕಿಲ್ಲ. ಯೋಜನೆಯಲ್ಲಿ ತುರ್ತು ಚಿಕಿತ್ಸೆಗಳದ್ದೇ ಪ್ರತ್ಯೇಕ ಪಟ್ಟಿ ಇದೆ. ಆಸ್ಪತ್ರೆಯವರು ಅದನ್ನು '4ಎ' ಎನ್ನುತ್ತಾರೆ. ಆ ಪಟ್ಟಿಯಲ್ಲಿರುವ ಕಾಯಿಲೆಗೆ, ಯೋಜನೆಗೆ ನೋಂದಾಯಿತವಾದ ಯಾವುದೇ ಆಸ್ಪತ್ರೆಗೆ, ಅದು ಖಾಸಗಿಯಾದರೂ ಸರಿ, ನೇರವಾಗಿ ಹೋಗಬಹುದು. 108ಕ್ಕೆ ಕರೆ ಮಾಡಿ, ಆಂಬುಲೆನ್ಸಿಗೆ ದುಡ್ಡು ಕೊಡಬೇಕಿಲ್ಲ. ಕಾರ್ಡು ಹುಡುಕುತ್ತ ಮನೆಯಲ್ಲಿ ಹತ್ತು ನಿಮಿಷ ಕಳೆಯಬೇಡಿ. ರೋಗಿ ಮೊದಲು ಹೋಗಲಿ, ಕಾಗದ ಹಿಂದಿನಿಂದ ಬರಲಿ.

ಎದೆನೋವಿಗೆ ಇನ್ನೊಂದು ಮಾತು. ತಾಲ್ಲೂಕು ಆಸ್ಪತ್ರೆಯನ್ನು ದಾಟಿಕೊಂಡು ನೇರ ಹುಬ್ಬಳ್ಳಿಗೆ ಓಡುವುದು ಎಷ್ಟೋ ಸಲ ತಪ್ಪಾಗುತ್ತದೆ. 2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಅದನ್ನು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಕಳಿಸಿ ಕೇಳುವ ವ್ಯವಸ್ಥೆ ಇದೆ. ಅವಶ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದರ ಬೆಲೆ 30 ಸಾವಿರಕ್ಕೂ ಮಿಕ್ಕಿದ್ದು. ಹೆಪ್ಪು ಕಟ್ಟಿ ರಕ್ತ ನಿಂತಷ್ಟು ಹೊತ್ತೂ ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ. ಹಾನಗಲ್ಲಿನಿಂದಲೋ ಮುಂಡರಗಿಯಿಂದಲೋ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಆ ಇಂಜೆಕ್ಷನ್ನಿನ ಒಳ್ಳೆಯ ಹೊತ್ತು ಮೀರಿಹೋಗಬಹುದು.

ತುರ್ತು ಅಲ್ಲದ ಕಾಯಿಲೆಗಳಿಗೆ ಮುಂದಿನದು.

ಯೋಜನೆ ಕೊಡುವುದು ಎಷ್ಟು

ರಾಜ್ಯದ ಆರೋಗ್ಯ ಕರ್ನಾಟಕ 2018ರ ಮಾರ್ಚಿನಲ್ಲಿ ಶುರುವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಸೇರಿ ಒಂದೇ ಯೋಜನೆಯಾಯಿತು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಅಥವಾ ಅಂತ್ಯೋದಯ ರೇಷನ್ ಕಾರ್ಡ್ ಇದ್ದವರಿಗೆ ವರ್ಷಕ್ಕೆ ಇಡೀ ಕುಟುಂಬಕ್ಕೆ ಸೇರಿ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ.

'ಪ್ಯಾಕೇಜ್ ದರ' ಎಂದರೆ ಒಂದು ಚಿಕಿತ್ಸೆಗೆ ಸರಕಾರ ಗೊತ್ತುಮಾಡಿದ ಒಟ್ಟು ಮೊತ್ತ. ಹಾಸಿಗೆ, ಡಾಕ್ಟರ್ ಫೀಸು, ಆಪರೇಷನ್, ಔಷಧ, ಒಳಗೆ ಕೂಡಿಸುವ ಸ್ಟೆಂಟು ಅಥವಾ ರಾಡು, ಊಟ ಎಲ್ಲ ಅದರೊಳಗೇ ಬಂತು. ಎಪಿಎಲ್‌ನವರು ಇಲ್ಲಿ ಎಡವುತ್ತಾರೆ. ಒಂದು ಚಿಕಿತ್ಸೆಯ ಪ್ಯಾಕೇಜ್ ದರ 60 ಸಾವಿರ ಎಂದಿಟ್ಟುಕೊಳ್ಳಿ. ಸರಕಾರ ಕೊಡುವುದು 18 ಸಾವಿರ. ಆಸ್ಪತ್ರೆಯ ಬಿಲ್ಲು 1 ಲಕ್ಷ 20 ಸಾವಿರವಾದರೂ ಆ 18 ಸಾವಿರ 36 ಸಾವಿರ ಆಗುವುದಿಲ್ಲ. ಶೇಕಡಾ ಲೆಕ್ಕ ಹಾಕುವುದು ಪ್ಯಾಕೇಜಿನ ಮೇಲೆ, ಬಿಲ್ಲಿನ ಮೇಲಲ್ಲ. ನಿಮ್ಮ ಪಾಲಿಗೆ ಎಷ್ಟು ಬರುತ್ತದೆಂದು ದಾಖಲಾಗುವ ಮೊದಲೇ ಬರಹದಲ್ಲಿ ಕೇಳಿ.

ದಾಖಲಾಗದೆ ತೋರಿಸಿಕೊಂಡು ಬರುವ ಹೊರರೋಗಿ ಚಿಕಿತ್ಸೆ ಈ ಯೋಜನೆಗೆ ಬರುವುದಿಲ್ಲ. ನೆಗಡಿ, ಜ್ವರ, ಬಿಪಿ ಮಾತ್ರೆಗೆ ನಿಮ್ಮೂರಿನ ಆರೋಗ್ಯ ಕೇಂದ್ರ ಅಥವಾ ನಗರದಲ್ಲಿದ್ದರೆ ಸರಕಾರದ 'ನಮ್ಮ ಕ್ಲಿನಿಕ್' ಇದೆ, ಅಲ್ಲಿ ಕಾರ್ಡು ಕೇಳುವುದೂ ಇಲ್ಲ. ಡಯಾಲಿಸಿಸ್, ಕೀಮೋಥೆರಪಿ ಇಂಥ ಒಂದೇ ದಿನದ ಚಿಕಿತ್ಸೆಗಳು ಮಾತ್ರ ಯೋಜನೆಯೊಳಗೇ ಬರುತ್ತವೆ.

ಹಂತ 1: ಕಾಗದ ಈಗಲೇ ಸರಿಮಾಡಿಕೊಳ್ಳಿ

ಕಾಯಿಲೆ ಬಂದಮೇಲೆ ಆಧಾರ್ ತಿದ್ದಿಸಲು ಓಡಾಡುವುದು ಬಹಳ ಕಷ್ಟ. ಮನೆಯವರೆಲ್ಲ ಆರೋಗ್ಯವಾಗಿರುವಾಗಲೇ ಒಂದು ದಿನ ಬಿಡುವು ಮಾಡಿಕೊಂಡು ಇವನ್ನು ನೋಡಿ.

ಬೇಕಾದದ್ದು ಎರಡೇ, ಆಧಾರ್ ಮತ್ತು ರೇಷನ್ ಕಾರ್ಡ್. ಇವೆರಡನ್ನೂ ತೆಗೆದುಕೊಂಡು ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರಕ್ಕೆ ಹೋದರೆ ಆಯುಷ್ಮಾನ್ ಕಾರ್ಡ್ ಮಾಡಿಕೊಡುತ್ತಾರೆ. ಮನೆಗೊಂದು ಕಾರ್ಡು ಸಾಲದು, ಪ್ರತಿಯೊಬ್ಬರಿಗೂ ಬೇರೆ ಬೇರೆ ಮಾಡಿಸಬೇಕು.

ಕೆಡುವುದು ಎಲ್ಲಿ ಅಂದರೆ:

ಹೆಸರು. ರೇಷನ್ ಕಾರ್ಡಿನಲ್ಲಿ 'ಶಾಂತವ್ವ', ಆಧಾರಿನಲ್ಲಿ 'ಶಾಂತಾ'. ಅಲ್ಲಿ 'ಯಲ್ಲಪ್ಪ', ಇಲ್ಲಿ 'ಎಲ್ಲಪ್ಪ'. ಬಸವ್ವ ಬಸಮ್ಮ ಆಗಿರುತ್ತಾಳೆ. ಒಂದರಲ್ಲಿ ಅಡ್ಡಹೆಸರು ಮೊದಲು ಬಂದರೆ ಇನ್ನೊಂದರಲ್ಲಿ ಕೊನೆಗೆ. ಊರಿಗೆಲ್ಲ ಗೊತ್ತಿರುವ ಮನುಷ್ಯ ಕಂಪ್ಯೂಟರಿಗೆ ಇಬ್ಬರಾಗಿ ಕಾಣುತ್ತಾನೆ. ಎರಡೂ ಕಾರ್ಡನ್ನು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಹುಟ್ಟಿದ ವರ್ಷವನ್ನೂ ನೋಡಿ. ವ್ಯತ್ಯಾಸ ಇದ್ದರೆ ಆಧಾರನ್ನೇ ಆಧಾರವಾಗಿಟ್ಟುಕೊಂಡು ರೇಷನ್ ಕಾರ್ಡ್ ತಿದ್ದಿಸುವುದು ಸಾಮಾನ್ಯವಾಗಿ ಸುಲಭ.

ಬೆರಳಚ್ಚು. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ, ಹತ್ತಿ ಬಿಡಿಸುವ, ಕಳೆ ತೆಗೆಯುವ ಹೆಣ್ಣುಮಕ್ಕಳ ಬೆರಳ ತುದಿ ಸವೆದಿರುತ್ತದೆ. ಯಂತ್ರದ ಗಾಜಿನ ಮೇಲೆ ಎಷ್ಟು ಒತ್ತಿದರೂ ಗೆರೆ ಮೂಡುವುದಿಲ್ಲ. ಆಪರೇಟರು "ಆಗೂದಿಲ್ಲ, ನಾಳೆ ಬರ್ರಿ" ಎಂದು ಕಳಿಸಿಬಿಡುತ್ತಾರೆ. ನಾಳೆ ಹೋದರೂ ಬೆರಳು ಅದೇ ಬೆರಳು. ಆಧಾರಿಗೆ ಮೊಬೈಲ್ ನಂಬರ್ ಜೋಡಿಸಿದ್ದರೆ ಒಟಿಪಿ ಮೂಲಕ, ಇಲ್ಲವಾದರೆ ಕಣ್ಣಿನ ಪಾಪೆ ಅಥವಾ ಮುಖ ಗುರುತಿನ ಮೂಲಕ ಖಾತ್ರಿ ಮಾಡಿಸಬಹುದು. ಅದನ್ನೇ ಕೇಳಿ. ಕೈ ತೊಳೆದು, ಬೆರಳಿಗೆ ತುಸು ಎಣ್ಣೆ ಸವರಿ ಒರೆಸಿಕೊಂಡು ಒತ್ತಿದರೂ ಕೆಲವೊಮ್ಮೆ ಹತ್ತುತ್ತದೆ.

ಮೊಬೈಲ್ ನಂಬರ್. ಹಳೆಯ ಸಿಮ್ ಬಂದಾಗಿ ವರ್ಷಗಳಾಗಿರುತ್ತವೆ, ಆಧಾರಿನಲ್ಲಿ ಇನ್ನೂ ಅದೇ ಇರುತ್ತದೆ. ಒಟಿಪಿ ಎಲ್ಲಿಗೋ ಹೋಗುತ್ತದೆ. ಆಧಾರ್ ಕೇಂದ್ರದಲ್ಲಿ ಈಗ ಬಳಸುತ್ತಿರುವ ನಂಬರ್ ಹಾಕಿಸಿ.

ಸೊಸೆ ಮತ್ತು ಮಕ್ಕಳು. ಮದುವೆಯಾಗಿ ಬಂದವಳ ಹೆಸರು ತವರಿನ ರೇಷನ್ ಕಾರ್ಡಿನಲ್ಲೇ ಉಳಿದಿರುತ್ತದೆ, ಕೂಸಿನ ಹೆಸರು ಎಲ್ಲೂ ಇರುವುದಿಲ್ಲ. ಮೊದಲು ಅಲ್ಲಿಂದ ತೆಗೆಸಬೇಕು, ಆಮೇಲೆ ಇಲ್ಲಿ ಸೇರಿಸಬೇಕು. ಐದು ವರ್ಷದೊಳಗಿನ ಮಗುವಿಗೆ ಬೆರಳಚ್ಚಿಲ್ಲದ ನೀಲಿ ಬಣ್ಣದ ಬಾಲ ಆಧಾರ್ ಸಿಗುತ್ತದೆ. ಜನನ ಪ್ರಮಾಣಪತ್ರ, ತಂದೆ ಅಥವಾ ತಾಯಿಯ ಆಧಾರ್ ಸಾಕು. ಮಗುವಿಗೆ ಐದು ತುಂಬಿದ ಮೇಲೊಮ್ಮೆ, ಹದಿನೈದು ತುಂಬಿದ ಮೇಲೊಮ್ಮೆ ಬೆರಳಚ್ಚು ಕೊಟ್ಟು ನವೀಕರಿಸಬೇಕು.

ಇನ್ನೊಂದು ಗೊಂದಲ 'ಆಭಾ' ಕಾರ್ಡಿನದು. 14 ಅಂಕಿಯ ಆಭಾ ನಂಬರ್ ನಿಮ್ಮ ಆರೋಗ್ಯ ದಾಖಲೆಗಳನ್ನು ಒಂದೆಡೆ ಕೂಡಿಡುವ ಗುರುತು ಮಾತ್ರ. ಅದರಿಂದ ಒಂದು ರೂಪಾಯಿಯ ಚಿಕಿತ್ಸೆಯೂ ಸಿಗುವುದಿಲ್ಲ. ಆಸ್ಪತ್ರೆಗೆ ಹೋದಾಗ ತೋರಿಸಬೇಕಾದದ್ದು ಆಯುಷ್ಮಾನ್ ಕಾರ್ಡ್. ಅದು ಇನ್ನೂ ಆಗಿಲ್ಲದಿದ್ದರೂ ಆಧಾರ್ ಮತ್ತು ರೇಷನ್ ಕಾರ್ಡಿನ ಮೂಲ ಪ್ರತಿ ಹಿಡಿದುಕೊಂಡು ಹೋಗಿ, ಆಸ್ಪತ್ರೆಯಲ್ಲೇ ನೋಂದಣಿಗೆ ಅವಕಾಶ ಇದೆ.

ಹಂತ 2: ಮೊದಲು ಸರಕಾರಿ ಆಸ್ಪತ್ರೆ

ಸರಳ ಚಿಕಿತ್ಸೆಗಳು, ಉದಾಹರಣೆಗೆ ಸಾಮಾನ್ಯ ಹೆರಿಗೆ, ಸರಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಇವಕ್ಕೆ ಖಾಸಗಿಗೆ ರೆಫರಲ್ ಕೊಡುವುದಿಲ್ಲ. ಇದಕ್ಕಿಂತ ತೊಡಕಿನ ಚಿಕಿತ್ಸೆಗಳಿಗೂ ಮೊದಲ ಹೆಜ್ಜೆ ಸರಕಾರಿ ಆಸ್ಪತ್ರೆಯೇ. ಅಲ್ಲಿ ಆ ಸೌಲಭ್ಯ ಇಲ್ಲ ಎಂದಾದರೆ ಮಾತ್ರ ಹೊರಗೆ ಕಳಿಸುತ್ತಾರೆ.

ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ನೋಡಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಧಾರವಾಡದವರಿಗೆ ಸಿವಿಲ್ ಆಸ್ಪತ್ರೆ ಎಂದೇ ಕರೆಯುವ ಜಿಲ್ಲಾಸ್ಪತ್ರೆ, ಗದಗಿನವರಿಗೆ ಮಲ್ಲಸಮುದ್ರದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜಿಮ್ಸ್, ಹಾವೇರಿಯವರಿಗೆ ಅಲ್ಲಿನ ಜಿಲ್ಲಾಸ್ಪತ್ರೆ. ಮಾನಸಿಕ ಕಾಯಿಲೆ, ನರರೋಗಕ್ಕೆ ಧಾರವಾಡದ ಡಿಮ್ಹಾನ್ಸ್. ಮೂರೂ ಜಿಲ್ಲೆಗೆ ಕೊನೆಯ ದೊಡ್ಡ ಸರಕಾರಿ ಆಸ್ಪತ್ರೆ ಹುಬ್ಬಳ್ಳಿ ವಿದ್ಯಾನಗರದ ಕಿಮ್ಸ್. ಈಗ ಅದರ ಹೆಸರು ಕೆಎಂಸಿಆರ್‌ಐ ಎಂದಾಗಿದೆ, ಆದರೆ ಆಟೋದವರಿಗೆ ಕಿಮ್ಸ್ ಅಂದರೇ ತಿಳಿಯುವುದು. ಧಾರವಾಡ ಕಡೆಯಿಂದ ಬರುವವರು ಚಿಗರಿ ಬಸ್ಸಿನಲ್ಲಿ ಬಂದರೆ ಆಸ್ಪತ್ರೆಯ ಮುಂದಿನ ನಿಲ್ದಾಣದಲ್ಲೇ ಇಳಿಯಬಹುದು.

ಹೊರರೋಗಿ ಚೀಟಿಗೆ ಪಾಳಿ ಬೆಳಿಗ್ಗೆಯೇ ಉದ್ದವಾಗುತ್ತದೆ. 8.30ರ ಹೊತ್ತಿಗೆ ಅಲ್ಲಿರಿ. ಸೋಮವಾರ ಮತ್ತು ಹಬ್ಬದ ರಜೆಯ ಮರುದಿನ ಜನ ಜಾಸ್ತಿ. ಒಬ್ಬರು ರೋಗಿಯ ಜೊತೆ ಕೂಡಲು, ಇನ್ನೊಬ್ಬರು ಓಡಾಡಲು ಇಬ್ಬರಾದರೂ ಜೊತೆಗಿರುವುದು ಒಳ್ಳೆಯದು. ಹಳೆಯ ರಿಪೋರ್ಟು, ಎಕ್ಸ್‌ರೇ, ಮಾತ್ರೆಯ ಚೀಟಿ ಎಲ್ಲ ಒಂದೇ ಚೀಲದಲ್ಲಿರಲಿ. ಚೀಟಿ ಮಾಡಿಸುವಾಗಲೇ ಬಿಪಿಎಲ್ ಕಾರ್ಡು ತೋರಿಸಿ, ಪರೀಕ್ಷೆಗಳ ಶುಲ್ಕದಲ್ಲಿ ವ್ಯತ್ಯಾಸವಾಗುತ್ತದೆ.

ಹಂತ 3: ರೆಫರಲ್ ಪತ್ರ

ಇಡೀ ಕೆಲಸದಲ್ಲಿ ಹೆಚ್ಚು ಜಗಳವಾಗುವುದು ಇಲ್ಲಿ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು.

ರೆಫರಲ್ ಎಂದರೆ "ಈ ರೋಗಿಗೆ ಈ ಚಿಕಿತ್ಸೆ ಬೇಕು, ಅದು ನಮ್ಮಲ್ಲಿ ಇಲ್ಲ" ಎಂದು ಸರಕಾರಿ ವೈದ್ಯರು ಯೋಜನೆಯ ಪೋರ್ಟಲ್ ಮೂಲಕ ಕೊಡುವ ಒಪ್ಪಿಗೆ. ಡಾಕ್ಟರು ಚೀಟಿಯ ಮೇಲೆ ಪೆನ್ನಿನಲ್ಲಿ 'ರೆಫರ್' ಎಂದು ಬರೆದರೆ ಅದು ಯೋಜನೆಯ ರೆಫರಲ್ ಆಗುವುದಿಲ್ಲ. ಆ ಚೀಟಿಯನ್ನೇ ಹಿಡಿದು ಖಾಸಗಿ ಆಸ್ಪತ್ರೆಗೆ ಹೋಗಿ ವಾಪಸ್ ಬಂದವರು ಎಷ್ಟೋ ಜನ. ಚೀಟಿ ಕೈಗೆ ಬಂದಮೇಲೆ ಅದೇ ಆಸ್ಪತ್ರೆಯ ಆರೋಗ್ಯ ಮಿತ್ರರ ಮೇಜಿಗೆ ಹೋಗಿ. ಆರೋಗ್ಯ ಮಿತ್ರ ಎಂದರೆ ಯೋಜನೆಯ ಕೆಲಸಕ್ಕೆಂದೇ ಆಸ್ಪತ್ರೆಯಲ್ಲಿ ಕೂಡುವ ಸಿಬ್ಬಂದಿ. ಕಂಪ್ಯೂಟರಿನಲ್ಲಿ ಅದನ್ನು ದಾಖಲು ಮಾಡಿಸಿ, ಅಚ್ಚಾದ ಪ್ರತಿ ತೆಗೆದುಕೊಂಡೇ ಹೊರಬನ್ನಿ.

ಆ ಹಾಳೆಯನ್ನು ಅಲ್ಲೇ ನಿಂತು ಓದಿ. ರೋಗಿಯ ಹೆಸರು ಆಧಾರಿನಂತೆ ಇದೆಯೇ? ಕಾರ್ಡಿನ ವರ್ಗ ಬಿಪಿಎಲ್ ಎಂದಿದೆಯೇ? ಎರಡು ಕಾಲಿನ ಪೈಕಿ ಎಡದ್ದೋ ಬಲದ್ದೋ ಸರಿಯಾಗಿ ಬರೆದಿದೆಯೇ? ಎಲ್ಲಕ್ಕಿಂತ ಮುಖ್ಯ, ಚಿಕಿತ್ಸೆಯ ಹೆಸರು ಮತ್ತು ವಿಭಾಗ. ಮೂಳೆ ವಿಭಾಗಕ್ಕೆ ಬೇಕಾದ ರೆಫರಲ್ ಜನರಲ್ ಸರ್ಜರಿಗೆ ಆಗಿದ್ದರೆ ಮುಂದಿನ ಆಸ್ಪತ್ರೆಯಲ್ಲಿ ಅದು ನಡೆಯುವುದಿಲ್ಲ. ತಿದ್ದಿಸಲು ಮತ್ತೆ ಅದೇ ಪಾಳಿಯಲ್ಲಿ ನಿಲ್ಲಬೇಕು.

"ಕೇಳಿದರೂ ರೆಫರಲ್ ಕೊಡುತ್ತಿಲ್ಲ" ಎಂಬ ದೂರು ಬಹಳ. ಇದಕ್ಕೆ ಸಾಮಾನ್ಯವಾಗಿ ಮೂರು ಕಾರಣ ಇರುತ್ತವೆ.

ಒಂದು, ಆ ಚಿಕಿತ್ಸೆ ಅದೇ ಸರಕಾರಿ ಆಸ್ಪತ್ರೆಯಲ್ಲಿ ಲಭ್ಯವಿದೆ. ಹಾಗಿದ್ದಾಗ ಕೊಡಬಾರದೆಂಬುದೇ ನಿಯಮ. ಸರಕಾರಿ ಆಸ್ಪತ್ರೆ ನಿಮಗೆ ಚಿಕಿತ್ಸೆ ಕೊಟ್ಟರೆ ಪ್ಯಾಕೇಜ್ ಹಣ ಆ ಆಸ್ಪತ್ರೆಗೇ ಬರುತ್ತದೆ, ಅದರಿಂದಲೇ ಅಲ್ಲಿನ ಔಷಧ, ಉಪಕರಣ ಸುಧಾರಿಸುತ್ತವೆ. ಕಿಮ್ಸ್‌ನಲ್ಲಿ ಸೂಪರ್ ಸ್ಪೆಷಾಲಿಟಿ ವಿಭಾಗಗಳು ಬಂದಮೇಲೆ ಮೊದಲು ಹೊರಗೆ ಕಳಿಸುತ್ತಿದ್ದ ಎಷ್ಟೋ ಚಿಕಿತ್ಸೆ ಒಳಗೇ ಆಗುತ್ತಿವೆ. ಖಾಸಗಿಯಲ್ಲಿ ಮಾಡಿಸಿದರೇ ಗುಣ ಎಂದು ಹಟ ಹಿಡಿಯುವ ಮೊದಲು ಅಲ್ಲಿನ ತಜ್ಞರನ್ನು ಒಮ್ಮೆ ಕೇಳಿ ನೋಡಿ. ಯಾವಾಗ ಮಾಡುತ್ತೀರಿ, ಎಷ್ಟು ದಿನ ಕಾಯಬೇಕು ಎಂದು ದಿನಾಂಕ ಸಮೇತ ಕೇಳುವ ಹಕ್ಕು ನಿಮಗಿದೆ.

ಎರಡು, ರೋಗಿ ಬಂದಿಲ್ಲ. ಖಾಸಗಿ ಆಸ್ಪತ್ರೆಯಲ್ಲಿ ರೋಗಿಯನ್ನು ಮಲಗಿಸಿ, ಸಂಬಂಧಿಕರು ರಿಪೋರ್ಟು ಹಿಡಿದು "ಒಂದು ರೆಫರಲ್ ಕೊಡ್ರಿ" ಎಂದು ಬರುತ್ತಾರೆ. ರೋಗಿಯನ್ನು ನೋಡದೆ ವೈದ್ಯರು ಕೊಡಲಾರರು. ಆಪರೇಷನ್ ಮುಗಿದ ಮೇಲಂತೂ ಸಾಧ್ಯವೇ ಇಲ್ಲ. "ಮೊದಲು ಅಡ್ಮಿಟ್ ಆಗ್ರಿ, ರೆಫರಲ್ ಆಮ್ಯಾಲೆ ತರ್ರಿ" ಎಂದು ಯಾರಾದರೂ ಹೇಳಿದರೆ ತುರ್ತು ಇಲ್ಲದ ಕಾಯಿಲೆಗೆ ಒಪ್ಪಬೇಡಿ.

ಮೂರು, ಆ ಕಾಯಿಲೆಯ ಚಿಕಿತ್ಸೆ ಯೋಜನೆಯ ಪಟ್ಟಿಯಲ್ಲೇ ಇಲ್ಲ. ಶುರುವಿನಲ್ಲಿ ಪಟ್ಟಿಯಲ್ಲಿದ್ದದ್ದು 1,650 ಚಿಕಿತ್ಸೆಗಳು. ಬಹಳಷ್ಟು ಬರುತ್ತವೆ, ಎಲ್ಲವೂ ಬರುವುದಿಲ್ಲ. ಇಲ್ಲ ಎಂದರೆ ಆರೋಗ್ಯ ಮಿತ್ರರಿಗೆ ಪಟ್ಟಿ ತೆರೆದು ತೋರಿಸಲು ಹೇಳಿ.

ಹಂತ 4: ಖಾಸಗಿ ಆಸ್ಪತ್ರೆ ಆರಿಸುವುದು

ರೆಫರಲ್ ಸಿಕ್ಕಮೇಲೆ ನೋಂದಾಯಿತ ಆಸ್ಪತ್ರೆಗಳಲ್ಲಿ ಯಾವುದಕ್ಕೆ ಹೋಗಬೇಕೆಂಬುದು ನಿಮ್ಮ ಇಷ್ಟ. ಇಂಥದ್ದಕ್ಕೇ ಹೋಗಿ ಎಂದು ಯಾರೂ ಒತ್ತಾಯಿಸುವಂತಿಲ್ಲ. ಆಸ್ಪತ್ರೆ ಗೇಟಿನ ಹೊರಗೆ "ನಾ ಕರಕೊಂಡ ಹೋಗ್ತೀನಿ ಬರ್ರಿ" ಎನ್ನುವ ಮಧ್ಯವರ್ತಿಗಳ ಮಾತು ಕೇಳಬೇಡಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಆಸ್ಪತ್ರೆ ನೋಂದಣಿಯಾಗುವುದು ವಿಭಾಗವಾರು. ಮೂಳೆ ಚಿಕಿತ್ಸೆಗೆ ಯೋಜನೆಯಲ್ಲಿರುವ ಆಸ್ಪತ್ರೆ ಹೃದಯಕ್ಕೆ ಇಲ್ಲದಿರಬಹುದು. ಬಾಗಿಲ ಮೇಲೆ ಆಯುಷ್ಮಾನ್ ಬೋರ್ಡು ಇದ್ದ ಮಾತ್ರಕ್ಕೆ ಸಾಲದು. ನಿಮ್ಮ ರೆಫರಲ್ಲಿನಲ್ಲಿರುವ ವಿಭಾಗದ ಹೆಸರು ಹೇಳಿ, "ಇದಕ್ಕೆ ನೀವು ಯೋಜನೆಯಲ್ಲಿದ್ದೀರಾ?" ಎಂದು ಹೊರಡುವ ಮೊದಲೇ ಫೋನು ಮಾಡಿ ಕೇಳಿ. ಅನುಮಾನವಾದರೆ ಟ್ರಸ್ಟಿನ ಉಚಿತ ಸಹಾಯವಾಣಿ 1800 425 8330.

ಹಂತ 5: ದಾಖಲಾತಿ

ಖಾಸಗಿ ಆಸ್ಪತ್ರೆಯಲ್ಲೂ ಮೊದಲು ಬಿಲ್ಲಿಂಗ್ ಕೌಂಟರಿಗೆ ಹೋಗದೆ ಆರೋಗ್ಯ ಮಿತ್ರರ ಬಳಿ ಹೋಗಿ. ಕೌಂಟರಿನಲ್ಲಿ ದುಡ್ಡು ಕಟ್ಟಿ ಸಾಮಾನ್ಯ ರೋಗಿಯಾಗಿ ದಾಖಲಾಗಿಬಿಟ್ಟರೆ ಆಮೇಲೆ ಯೋಜನೆಗೆ ಬದಲಿಸುವುದು ದೊಡ್ಡ ತಲೆನೋವು. ಕಟ್ಟಿದ ದುಡ್ಡನ್ನು ನಂತರ ಸರಕಾರದಿಂದ ವಾಪಸ್ ಪಡೆಯುವ ಪದ್ಧತಿ ಇಲ್ಲಿಲ್ಲ. ಇದು ನಗದುರಹಿತ ಯೋಜನೆ.

ಆಸ್ಪತ್ರೆಯವರು ನಿಮ್ಮ ರಿಪೋರ್ಟುಗಳನ್ನು ಟ್ರಸ್ಟಿಗೆ ಕಳಿಸಿ ಮುಂಗಡ ಮಂಜೂರಾತಿ ಪಡೆಯುತ್ತಾರೆ. ಆಸ್ಪತ್ರೆ ಭಾಷೆಯಲ್ಲಿ ಇದು 'ಪ್ರೀ-ಆಥ್'. ಟ್ರಸ್ಟಿನ ವೈದ್ಯರು ರಿಪೋರ್ಟು ಸಾಲದು ಎಂದು ಪ್ರಶ್ನೆ ಹಾಕಿದರೆ ತಡವಾಗುತ್ತದೆ. ಸ್ಕ್ಯಾನಿನ ಫಿಲ್ಮು ಮಾತ್ರ ಇದ್ದು ವರದಿ ಕಳೆದುಹೋಗಿರುವುದು ಇಂಥ ತಡಕ್ಕೆ ಮುಖ್ಯ ಕಾರಣ. ಎರಡನ್ನೂ ಜೋಪಾನವಾಗಿಡಿ. ಮಂಜೂರಾತಿ ಬಂದಮೇಲೆ ಯಾವ ಪ್ಯಾಕೇಜ್, ಎಷ್ಟು ಮೊತ್ತ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಯೋಜನೆ ಕೊಡುವುದು ಜನರಲ್ ವಾರ್ಡು. "ಸ್ಪೆಷಲ್ ರೂಮ್ ತಗೊಳ್ರಿ, ಸ್ವಲ್ಪ ಜಾಸ್ತಿ ಆಗತೈತಿ" ಎಂಬ ಮಾತಿಗೆ ಹೂಂ ಅಂದರೆ ಅಲ್ಲಿಂದ ಲೆಕ್ಕ ಬೇರೆಯಾಗುತ್ತದೆ. ಹಾಗೆಯೇ ಬಿಪಿಎಲ್ ರೋಗಿಗೆ ಔಷಧ, ಇಂಪ್ಲಾಂಟು ಹೊರಗಿನಿಂದ ತರಲು ಚೀಟಿ ಕೊಟ್ಟರೆ ಆ ಚೀಟಿಯನ್ನು ಕಳೆಯಬೇಡಿ, ಬಿಲ್ಲನ್ನೂ ಇಟ್ಟುಕೊಳ್ಳಿ. ದೂರು ಕೊಡುವಾಗ ಅವೇ ಸಾಕ್ಷಿ.

ಹಂತ 6: ಬಿಡುಗಡೆ

ಬಿಡುಗಡೆ ದಿನ ಬೆರಳಚ್ಚು, ಫೋಟೋ, ಸಹಿ ತೆಗೆದುಕೊಳ್ಳುತ್ತಾರೆ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. "ಹಣ ಪಡೆದಿಲ್ಲ" ಎಂಬ ಒಕ್ಕಣೆಗೆ ಸಹಿ ಕೇಳಿದರೆ, ನಿಜಕ್ಕೂ ಕೊಟ್ಟಿಲ್ಲದಿದ್ದರೆ ಮಾತ್ರ ಹಾಕಿ. ಓದಲು ಬಾರದವರು ಜೊತೆಗೆ ಬಂದವರಿಂದ ಓದಿಸಿ ಕೇಳಿ.

ಡಿಸ್ಚಾರ್ಜ್ ಸಮ್ಮರಿ, ಅಂದರೆ ಏನು ಕಾಯಿಲೆ, ಏನು ಮಾಡಿದರು, ಮುಂದೆ ಯಾವ ಮಾತ್ರೆ ಎಂಬ ಸಾರಾಂಶ, ಕೈಗೆ ಬರುವವರೆಗೆ ಹೊರಡಬೇಡಿ. ಆಯುಷ್ಮಾನ್ ಭಾರತದ ನಿಯಮದಂತೆ ಬಿಡುಗಡೆಯ ನಂತರದ 15 ದಿನಗಳ ಔಷಧವೂ ಪ್ಯಾಕೇಜಿನಲ್ಲೇ ಸೇರಿದೆ. ಅದನ್ನು ಕೇಳದೆ ಬರುವವರೇ ಹೆಚ್ಚು.

ದೂರು ಕೊಡುವುದಾದರೆ

ಮೊದಲು ಆಸ್ಪತ್ರೆಯ ಆರೋಗ್ಯ ಮಿತ್ರರಿಗೆ ಹೇಳಿ. ಅಲ್ಲಿ ಆಗದಿದ್ದರೆ, ಇನ್ನೂ ಆಸ್ಪತ್ರೆಯಲ್ಲಿ ಇರುವಾಗಲೇ 1800 425 8330 ಅಥವಾ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ. ಕೇಂದ್ರದ ಸಹಾಯವಾಣಿ 14555. ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಮನೆಗೆ ಹೋದಮೇಲೆ ಕೊಟ್ಟ ದೂರಿಗಿಂತ ಹಾಸಿಗೆಯ ಪಕ್ಕದಿಂದ ಮಾಡಿದ ಕರೆಗೆ ಬೇಗ ಪರಿಹಾರ ಸಿಗುತ್ತದೆ, ಏಕೆಂದರೆ ಬಿಲ್ಲು ಆಗ ಇನ್ನೂ ಮುಗಿದಿರುವುದಿಲ್ಲ.

ಬರಹದ ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡಬಹುದು. ಖಾಸಗಿ ಆಸ್ಪತ್ರೆಗಳ ಮೇಲೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ, ಜಿಲ್ಲಾ ಆರೋಗ್ಯಾಧಿಕಾರಿಯೇ ಅದರ ಸದಸ್ಯ ಕಾರ್ಯದರ್ಶಿ. 2017ರ ತಿದ್ದುಪಡಿಯ ಪ್ರಕಾರ ತುರ್ತು ರೋಗಿಗೆ ಮುಂಗಡ ಹಣ ಕಟ್ಟಿದರೇ ಚಿಕಿತ್ಸೆ ಎನ್ನುವಂತಿಲ್ಲ, ಬಿಲ್ಲು ಬಾಕಿ ಇದೆ ಎಂದು ಶವವನ್ನು ತಡೆಹಿಡಿಯುವಂತೆಯೂ ಇಲ್ಲ. ದೂರಿನಲ್ಲಿ ರೋಗಿಯ ಹೆಸರು, ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕ, ರೆಫರಲ್ ಸಂಖ್ಯೆ, ಯಾರಿಗೆ ಎಷ್ಟು ದುಡ್ಡು ಕೊಟ್ಟಿರಿ ಎಂಬ ನಾಲ್ಕು ವಿವರ ಇರಲಿ. ಬಿಲ್ಲುಗಳ ಝೆರಾಕ್ಸ್ ಲಗತ್ತಿಸಿ, ಮೂಲ ಪ್ರತಿ ನಿಮ್ಮಲ್ಲೇ ಇಟ್ಟುಕೊಂಡು, ಕಚೇರಿಯ ಸೀಲು ಹಾಕಿಸಿಕೊಂಡ ಸ್ವೀಕೃತಿ ಪ್ರತಿಯನ್ನು ತಪ್ಪದೆ ತೆಗೆದುಕೊಂಡು ಬನ್ನಿ.